ಚೀಟಿಯ ಮೇಲಿನ ಹೆಸರು ಜಾತಕವಲ್ಲ

ಮೊದಲ ಭೇಟಿಯಲ್ಲಿ ಯಾರೂ ಹೆಚ್ಚು ಪ್ರಶ್ನೆ ಕೇಳುವುದಿಲ್ಲ. ಮನೆಯವರು ವಾರಗಟ್ಟಲೆ ನಿದ್ದೆಗೆಟ್ಟಿರುತ್ತಾರೆ. ಮಗ ಇವತ್ತು ರಾತ್ರಿಯಾದರೂ ಮಲಗಲಿ, ಮಗಳು ಎರಡು ತುತ್ತು ಉಣ್ಣಲಿ ಎಂಬಷ್ಟೇ ಅವರ ಬೇಡಿಕೆ. ಪ್ರಶ್ನೆಗಳು ಬರುವುದು ಎರಡನೆಯ ಭೇಟಿಯಲ್ಲಿ. ಆ ಹೊತ್ತಿಗೆ ಚೀಟಿಯಲ್ಲಿ ಬರೆದ ಕಾಯಿಲೆಯ ಹೆಸರನ್ನು ಔಷಧಿ ಅಂಗಡಿಯವನೋ ಪಿಯುಸಿ ಓದುವ ತಮ್ಮನೋ ಓದಿ ಹೇಳಿರುತ್ತಾನೆ. ಮೊಬೈಲ್‌ನಲ್ಲಿ ಹುಡುಕಿಯೂ ಆಗಿರುತ್ತದೆ. "ಸ್ಕಿಜೋಫ್ರೀನಿಯಾ ಬಂದರೆ ವಾಸಿಯಾಗುವುದಿಲ್ಲವಂತೆ, ಹೌದೇ ಮೇಡಂ?" ತಾಯಿ ಇದನ್ನು ಕೇಳುವುದು ಮಗನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಬಂದ ಮೇಲೆ. ಮಗನೂ ಇದನ್ನೇ ಕೇಳುತ್ತಾನೆ, ತಾಯಿಯನ್ನು ಔಷಧಿ ತರಲು ಕಳುಹಿಸಿದ ಮೇಲೆ. ಒಂದೇ ಭಯವನ್ನು ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಹೊತ್ತಿರುತ್ತಾರೆ.

ಈ ಅಂಕಣ ಬರೆಯುತ್ತಿರುವುದು ಆ ಎರಡನೆಯ ಭೇಟಿಗಾಗಿ. ಜಿಲ್ಲಾ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಬ್ಬೊಬ್ಬರಿಗೆ ಸಿಗುವ ಸಮಯ ಕಡಿಮೆ. ಹೇಳಬೇಕಾದುದರಲ್ಲಿ ಅರ್ಧ ಬಾಯಲ್ಲೇ ಉಳಿಯುತ್ತದೆ. "ಏನೂ ಯೋಚನೆ ಮಾಡಬೇಡಿ, ಎಲ್ಲ ಸರಿಹೋಗುತ್ತದೆ" ಎಂದು ಭುಜ ತಟ್ಟಿ ಕಳುಹಿಸಬಹುದು. ಆ ಧೈರ್ಯ ಬಸ್ ನಿಲ್ದಾಣದವರೆಗೂ ಬಾಳುವುದಿಲ್ಲ. ಕಾಯಿಲೆಯ ಬಗ್ಗೆ ಗೊತ್ತಿರುವುದನ್ನೆಲ್ಲ, ಹಿತವಲ್ಲದ್ದನ್ನೂ ಸೇರಿಸಿ, ಬಿಡಿಸಿ ಹೇಳಿದಾಗ ಹುಟ್ಟುವ ಭರವಸೆ ಮಾತ್ರ ಕಷ್ಟದ ದಿನಗಳಲ್ಲೂ ಕೈಬಿಡುವುದಿಲ್ಲ ಎಂಬುದು ನಾನು ಕಂಡುಕೊಂಡದ್ದು. ಸ್ಕಿಜೋಫ್ರೀನಿಯಾವನ್ನೇ ಮುಖ್ಯವಾಗಿ ಎತ್ತಿಕೊಂಡಿದ್ದೇನೆ, ಏಕೆಂದರೆ ಜನ ಅತಿಹೆಚ್ಚು ಹೆದರುವುದು ಈ ಹೆಸರಿಗೇ. ಮನಸ್ಸು ಕೆಲಕಾಲ ಮಿತಿಮೀರಿ ಉಬ್ಬಿ, ಕೆಲಕಾಲ ಖಿನ್ನತೆಗೆ ಇಳಿಯುವ ಬೈಪೋಲಾರ್ ಕಾಯಿಲೆಯವರಿಗೂ ಇಲ್ಲಿನ ಬಹಳಷ್ಟು ಮಾತುಗಳು ಅನ್ವಯಿಸುತ್ತವೆ. ನನ್ನ ರೋಗಿಗಳೆಂದು ಇಲ್ಲಿ ಬರುವವರು ಯಾರೋ ಒಬ್ಬೊಬ್ಬರಲ್ಲ. ಹಲವರ ವಿವರಗಳನ್ನು ಬೆರೆಸಿ, ಗುರುತು ಸಿಗದಂತೆ ಬದಲಿಸಿದ್ದೇನೆ.

ನಮ್ಮ ಜನ ರೋಗನಿರ್ಣಯವನ್ನು ಜಾತಕದಂತೆ ಓದುತ್ತಾರೆ. ಹೆಸರು ಬಿತ್ತೆಂದರೆ ಓದು, ನೌಕರಿ, ಮದುವೆ, ಮಕ್ಕಳು ಎಲ್ಲವೂ ಅದರಲ್ಲೇ ಬರೆದುಹೋಯಿತು ಎಂಬ ಭಾವ. ಆದರೆ ವೈದ್ಯರು ಆ ಹೆಸರು ಬರೆಯುವುದು ಕಳೆದ ಕೆಲವು ತಿಂಗಳಲ್ಲಿ ಏನು ನಡೆಯಿತು ಎಂಬುದನ್ನು ನೋಡಿ: ಯಾರೂ ಇಲ್ಲದಾಗ ಕಿವಿಗೆ ಮಾತು ಕೇಳಿಸುವುದು, ಪಕ್ಕದ ಮನೆಯವರು ತನ್ನ ಮೇಲೆ ಸಂಚು ಹೂಡಿದ್ದಾರೆಂಬ ಅಲುಗಾಡದ ನಂಬಿಕೆ, ಮಾತಿಗೆ ಮಾತು ಕೂಡದಿರುವುದು, ಸ್ನಾನ ಊಟಗಳ ಮೇಲಿನ ಆಸಕ್ತಿಯೇ ಹೋಗುವುದು. ಇವೆಲ್ಲ ಎಷ್ಟು ಕಾಲ ಇದ್ದರೆ ಆ ಹೆಸರು ಕೊಡಬೇಕು ಎಂಬುದರಲ್ಲೂ ಜಗತ್ತಿನ ಎರಡು ಪ್ರಮುಖ ವರ್ಗೀಕರಣ ಪದ್ಧತಿಗಳಿಗೆ ಒಮ್ಮತವಿಲ್ಲ. ಒಂದು ತಿಂಗಳು ಸಾಕೆನ್ನುತ್ತದೆ ಒಂದು, ಆರು ತಿಂಗಳು ಬೇಕೆನ್ನುತ್ತದೆ ಇನ್ನೊಂದು. ಯಾವ ಔಷಧಿಯಿಂದ ಶುರು ಮಾಡಬೇಕು, ಯಾವುದರ ಮೇಲೆ ಕಣ್ಣಿಟ್ಟಿರಬೇಕು ಎಂಬುದನ್ನು ಹೆಸರು ತಿಳಿಸುತ್ತದೆ. ಇಪ್ಪತ್ತೆರಡರ ಹುಡುಗ ನಲವತ್ತರಲ್ಲಿ ಹೇಗಿರುತ್ತಾನೆ ಎಂಬುದು ಅದರಲ್ಲಿ ಇಲ್ಲ. ಅದನ್ನು ತೀರ್ಮಾನಿಸುವ ಎಷ್ಟೋ ಸಂಗತಿಗಳು ಹೆಸರು ಬಂದ ಮೇಲೆ ನಡೆಯುವಂಥವು, ಮತ್ತು ಅವುಗಳಲ್ಲಿ ಕೆಲವು ನಮ್ಮ ಕೈಯಲ್ಲೇ ಇವೆ.

ಹಾಗಾದರೆ "ವಾಸಿಯಾಗುವುದಿಲ್ಲ" ಎಂಬ ಮಾತು ಎಲ್ಲಿಂದ ಬಂತು? ಅದಕ್ಕೊಂದು ಚರಿತ್ರೆಯಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜರ್ಮನಿಯ ಮನೋವೈದ್ಯ ಎಮಿಲ್ ಕ್ರೇಪಲಿನ್ ಈ ಕಾಯಿಲೆಯನ್ನು ಚಿಕ್ಕ ವಯಸ್ಸಿನಲ್ಲೇ ಶುರುವಾಗಿ ಕ್ರಮೇಣ ಬುದ್ಧಿಯನ್ನು ಕುಗ್ಗಿಸುವ ಕಾಯಿಲೆಯೆಂದು ಬಣ್ಣಿಸಿದರು. ಅವರ ಮುಂದಿದ್ದವರು ಆಸ್ಪತ್ರೆಯಲ್ಲಿ ಉಳಿದವರು. 1908ರಲ್ಲಿ ಸ್ಕಿಜೋಫ್ರೀನಿಯಾ ಎಂಬ ಹೆಸರು ಕೊಟ್ಟವರು ಸ್ವಿಟ್ಜರ್ಲೆಂಡಿನ ಆಯ್ಗನ್ ಬ್ಲಾಯ್ಲರ್. ಎಲ್ಲರೂ ಕುಗ್ಗಿಯೇ ಹೋಗುತ್ತಾರೆ ಎಂಬುದನ್ನು ಅವರು ಒಪ್ಪಲಿಲ್ಲ. ಅವರ ಮಗ ಮಾನ್‌ಫ್ರೆಡ್ ಬ್ಲಾಯ್ಲರ್ ಕೂಡ ಮನೋವೈದ್ಯರಾದರು, ತಂದೆ ದುಡಿದ ಆಸ್ಪತ್ರೆಯನ್ನೇ ಮುನ್ನಡೆಸಿದರು, 208 ರೋಗಿಗಳನ್ನು ಎರಡು ದಶಕಕ್ಕೂ ಹೆಚ್ಚು ಕಾಲ ಸ್ವತಃ ಹಿಂಬಾಲಿಸಿ ನೋಡಿದರು. ಅವರಿಗೆ ಕಂಡದ್ದು ಇದು: ಸಾಮಾನ್ಯವಾಗಿ ಮೊದಲ ಐದು ವರ್ಷಗಳ ನಂತರ ಕಾಯಿಲೆ ಇನ್ನಷ್ಟು ಕೆಡುತ್ತಾ ಹೋಗುವುದಿಲ್ಲ, ಅನೇಕರಲ್ಲಿ ಅದು ಸುಧಾರಣೆಯ ಕಡೆಗೇ ತಿರುಗುತ್ತದೆ. ತಂದೆ ಹೆಸರಿಟ್ಟ ಕಾಯಿಲೆಯನ್ನು ಮಗ ಅಷ್ಟು ವರ್ಷ ತಾಳ್ಮೆಯಿಂದ ಕಾದು ನೋಡಿದ್ದು ನನ್ನನ್ನು ಈಗಲೂ ಕಲಕುತ್ತದೆ.

ಕ್ರೇಪಲಿನ್‌ಗೆ ಆದದ್ದು ನಮ್ಮಂಥ ವೈದ್ಯರಿಗೆ ದಿನವೂ ಆಗುತ್ತದೆ. ಗುಣವಾದವರು ಮೂರು ತಿಂಗಳಿಗೊಮ್ಮೆ ಬಂದು, ಮಾತ್ರೆ ಬರೆಸಿಕೊಂಡು, "ಚೆನ್ನಾಗಿದ್ದೇನೆ, ಗದ್ದೆಯ ಕೆಲಸ ಇದೆ" ಎಂದು ಐದು ನಿಮಿಷದಲ್ಲಿ ಎದ್ದುಬಿಡುತ್ತಾರೆ. ಕೆಲವರು ಬರುವುದನ್ನೇ ಬಿಡುತ್ತಾರೆ. ಗುಣವಾಗದವರು ವಾರ್ಡಿನಲ್ಲಿರುತ್ತಾರೆ, ನಮ್ಮ ಮನಸ್ಸಿನಲ್ಲೂ ಇರುತ್ತಾರೆ. ಹೀಗಾಗಿ ಕಾಯಿಲೆ ವಾಸ್ತವಕ್ಕಿಂತ ಕಠೋರವಾಗಿ ಕಾಣುತ್ತದೆ. ಊರಿನಲ್ಲಿಯೂ ಹಾಗೆಯೇ. ಬೀದಿಯಲ್ಲಿ ಹರಿದ ಬಟ್ಟೆಯಲ್ಲಿ ತಿರುಗುವ ಒಬ್ಬರನ್ನು ಎಲ್ಲರೂ ಕಂಡಿರುತ್ತಾರೆ. ಅದೇ ಕಾಯಿಲೆಯಿದ್ದೂ ಅಂಚೆ ಹಂಚುವ, ಹೊಲಿಗೆ ಯಂತ್ರದ ಮುಂದೆ ಕೂರುವ, ಮಕ್ಕಳನ್ನು ಶಾಲೆಗೆ ಬಿಡುವ ಹತ್ತು ಜನರ ಕಾಯಿಲೆ ಯಾರಿಗೂ ಗೊತ್ತಿರುವುದಿಲ್ಲ. ಅವರು ಹೇಳಿಕೊಳ್ಳುವುದಿಲ್ಲ, ಹೇಳಿಕೊಂಡರೆ ಏನಾಗುತ್ತದೆ ಎಂದು ಅವರಿಗೆ ಗೊತ್ತು.

ಅಮೆರಿಕದ ವರ್ಮಾಂಟ್ ರಾಜ್ಯದ ಆಸ್ಪತ್ರೆಯಲ್ಲಿ 1950ರ ದಶಕದಲ್ಲಿ ಇನ್ನು ಇವರಿಂದ ಏನೂ ಆಗದೆಂದು ಹಿಂದಿನ ವಾರ್ಡುಗಳಲ್ಲಿ ಬಿಟ್ಟಿದ್ದ 269 ಜನರಿಗೆ ಪುನರ್ವಸತಿ ಕೊಟ್ಟು ಊರಿಗೆ ಕಳುಹಿಸಿದರು. ಸುಮಾರು ಮೂರು ದಶಕಗಳ ನಂತರ ಕೋರ್ಟ್ನಿ ಹಾರ್ಡಿಂಗ್ ಮತ್ತು ಸಂಗಡಿಗರು ಅವರನ್ನು ಹುಡುಕಿಕೊಂಡು ಹೋದರು. 1987ರಲ್ಲಿ ಪ್ರಕಟವಾದ ಫಲಿತಾಂಶ: ಅರ್ಧದಿಂದ ಮೂರನೇ ಎರಡರಷ್ಟು ಜನ ಗಣನೀಯವಾಗಿ ಸುಧಾರಿಸಿದ್ದರು ಅಥವಾ ಗುಣಮುಖರಾಗಿದ್ದರು. ಇನ್ನು ನಮ್ಮ ನೆರೆಯ ಚೆನ್ನೈ. ಅಲ್ಲಿ ಡಾ. ಆರ್. ತಾರಾ ಮತ್ತು ಅವರ ತಂಡ 1980ರ ದಶಕದ ಆರಂಭದಲ್ಲಿ ಮೊದಲ ಬಾರಿ ಕಾಯಿಲೆಯಾದ 90 ಜನರನ್ನು ಗುರುತಿಸಿ ಎರಡು ದಶಕಕ್ಕೂ ಮೀರಿ ಹಿಂಬಾಲಿಸಿತು. ಪೂರ್ತಿ ಗುಣವಾಗಿ ಮತ್ತೆಂದೂ ತಿರುಗಿ ನೋಡದವರು ಕೆಲವರೇ. ಸತತವಾಗಿ ಕಾಯಿಲೆಯಲ್ಲೇ ಮುಳುಗಿದವರೂ ಕೆಲವರೇ. ಹೆಚ್ಚಿನವರದು ಏಳುಬೀಳಿನ ಹಾದಿ. ಆ ಏಳುಬೀಳಿನ ನಡುವೆಯೇ ಅನೇಕರು ಮದುವೆಯಾದರು, ಕೆಲಸಕ್ಕೆ ಹೋದರು. ಎರಡನೆಯ ಭೇಟಿಯ ಪ್ರಶ್ನೆಗೆ ನಾನು ಕೊಡುವ ಉತ್ತರ ಈ ಮಧ್ಯದ ಗುಂಪಿನದು: ಕಾಯಿಲೆ ಮತ್ತೆ ಬರಬಹುದು, ಬಂದರೂ ಬದುಕು ನಡೆಯುತ್ತದೆ, ಬರುವುದನ್ನು ಕಡಿಮೆ ಮಾಡುವ ದಾರಿಗಳಿವೆ.

ಔಷಧಿಯ ವಿಷಯದಲ್ಲಿ ಜನ ನಿರಾಶರಾಗುವುದು ಬಹುಮಟ್ಟಿಗೆ ಕಾಲದ ಲೆಕ್ಕ ತಿಳಿಯದೆ. ಮಾತ್ರೆ ಶುರುವಾದ ಕೆಲವೇ ದಿನಗಳಲ್ಲಿ ನಿದ್ದೆ ಬರುತ್ತದೆ, ಅಬ್ಬರ ಇಳಿಯುತ್ತದೆ. ಕಿವಿಯ ಮಾತು, ಸಂಶಯ ಇವು ತಗ್ಗಲು ವಾರಗಳು ಬೇಕು. ಧ್ವನಿ ಒಮ್ಮೆಲೇ ನಿಲ್ಲುವುದಿಲ್ಲ, ಮೊದಲು ದೂರ ಸರಿಯುತ್ತದೆ, ಆಮೇಲೆ ಅದು ಕೇಳಿಸಿದರೂ ಹೆದರಿಕೆಯಾಗುವುದಿಲ್ಲ, ಆಮೇಲೆ ಅದು ಎಂದು ನಿಂತಿತೋ ನೆನಪಿರುವುದಿಲ್ಲ. ಉತ್ಸಾಹ, ಏಕಾಗ್ರತೆ, ಜನರ ನಡುವೆ ಕೂರುವ ಧೈರ್ಯ ಮರಳಲು ತಿಂಗಳುಗಳೇ ಹಿಡಿಯುತ್ತವೆ. ಹತ್ತು ದಿನಕ್ಕೇ "ಇನ್ನೂ ಮೂಲೆಯಲ್ಲಿ ಕೂರುತ್ತಾನೆ, ಔಷಧಿ ಹಿಡಿಸಿಲ್ಲ" ಎಂದು ಇನ್ನೊಬ್ಬ ವೈದ್ಯರಲ್ಲಿಗೆ, ಅಲ್ಲಿಂದ ಮಂತ್ರವಾದಿಯಲ್ಲಿಗೆ ಹೋಗುವವರು ಬಹಳ. ದೇವರಿಗೆ ಹರಕೆ ಹೊತ್ತರೆ ನನ್ನ ತಕರಾರಿಲ್ಲ. ತಾಯಿಯ ಮನಸ್ಸಿಗೆ ಅದರಿಂದ ಬಲ ಬರುತ್ತದೆ. ಆದರೆ ತಾಯತ ಕಟ್ಟುವವರು "ಇಂಗ್ಲಿಷ್ ಔಷಧಿ ಬಿಡಿಸಿ" ಎಂದರೆ ಮಾತ್ರ ಕೇಳಬೇಡಿ.

ಬಿಡುವುದರ ಬೆಲೆ ದೊಡ್ಡದು. ಮೊದಲ ಬಾರಿ ಕಾಯಿಲೆಯಾಗಿ ಚೇತರಿಸಿಕೊಂಡವರನ್ನು ಹಿಂಬಾಲಿಸಿ 1999ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಔಷಧಿ ನಿಲ್ಲಿಸಿದವರಿಗೆ ಮರುಕಳಿಕೆಯ ಅಪಾಯ ಸುಮಾರು ಐದು ಪಟ್ಟು ಇತ್ತು. ನಮ್ಮದೇ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ವೈದ್ಯರು ವರ್ಷಗಳ ಕಾಲ ಹಳ್ಳಿಹಳ್ಳಿಗಳಲ್ಲಿ ಸ್ಕಿಜೋಫ್ರೀನಿಯಾ ಇರುವವರನ್ನು ಗುರುತಿಸಿ ಚಿಕಿತ್ಸೆ ಕೊಟ್ಟಿದ್ದಾರೆ. ಔಷಧಿ ತೆಗೆದುಕೊಂಡವರಲ್ಲಿ, ಅದೂ ಎಷ್ಟೋ ವರ್ಷ ಚಿಕಿತ್ಸೆಯಿಲ್ಲದೆ ಇದ್ದವರಲ್ಲೂ, ದಿನನಿತ್ಯದ ಕೆಲಸ ಮಾಡಲಾಗದ ಸ್ಥಿತಿ ಕಡಿಮೆಯಾಯಿತು, ತೆಗೆದುಕೊಳ್ಳದವರಲ್ಲಿ ಹಾಗಾಗಲಿಲ್ಲ. ಅಡಿಕೆ ತೋಟಗಳ ನಡುವಿನ ಮನೆಗಳಲ್ಲಿ, ಸಾಧಾರಣ ಬೆಲೆಯ ಮಾತ್ರೆಗಳಿಂದ ಸಿಕ್ಕ ಫಲ ಇದು. ಮೊದಲ ಬಾರಿಯ ಕಾಯಿಲೆಗೆ ಚೇತರಿಕೆಯ ನಂತರವೂ ಒಂದೆರಡು ವರ್ಷವಾದರೂ ಔಷಧಿ ಮುಂದುವರಿಸಬೇಕು. ಮರುಕಳಿಸಿದ್ದರೆ ಐದು ವರ್ಷ ಅಥವಾ ಅದಕ್ಕೂ ಹೆಚ್ಚು. ನಿಲ್ಲಿಸುವ ಕಾಲ ಬಂದಾಗ ವೈದ್ಯರೊಂದಿಗೆ ಕೂತು, ತಿಂಗಳುಗಟ್ಟಲೆ ನಿಧಾನವಾಗಿ ಇಳಿಸಬೇಕು.

ಮಾತ್ರೆ ಬಿಡುವವರೆಲ್ಲ ಹಠಮಾರಿಗಳಲ್ಲ. ಓಲಾಂಜಪಿನ್‌ನಿಂದ ಮೂರು ತಿಂಗಳಲ್ಲಿ ಎಂಟು ಹತ್ತು ಕಿಲೋ ತೂಕ ಏರಿದರೆ ಹತ್ತೊಂಬತ್ತರ ಹುಡುಗಿ ಏನು ಮಾಡಬೇಕು? ರಿಸ್ಪೆರಿಡೋನ್‌ನಿಂದ ಮುಟ್ಟು ನಿಂತಾಗ ಮನೆಯವರು ಬೇರೆ ಏನೋ ಅನುಮಾನಪಟ್ಟರೆ? ಕೈ ನಡುಗಿ ಲೋಟದ ಕಾಫಿ ಚೆಲ್ಲಿದರೆ, ಕಾಲು ಒಂದೆಡೆ ನಿಲ್ಲದಂತಾದರೆ, ಗಂಡಹೆಂಡಿರ ಸಂಬಂಧದಲ್ಲಿ ಆಸಕ್ತಿ ಹೋದರೆ? ಇವನ್ನು ಹೇಳಿಕೊಳ್ಳಲು ನಾಚಿ, ಮಾತ್ರೆಯನ್ನು ದಿಂಬಿನ ಕೆಳಗೆ ಇಟ್ಟವರನ್ನು ನಾನು ದೂಷಿಸಲಾರೆ. ಇವಕ್ಕೆಲ್ಲ ಏನಾದರೂ ಮಾಡಲು ಬರುತ್ತದೆ: ಪ್ರಮಾಣ ಇಳಿಸಬಹುದು, ಬೇರೆ ಮಾತ್ರೆಗೆ ಹೋಗಬಹುದು, ತೂಕಕ್ಕೆ ಆರಂಭದಲ್ಲೇ ಎಚ್ಚರ ವಹಿಸಬಹುದು. ವೈದ್ಯರು ಕೇಳದಿದ್ದರೆ ನೀವೇ ಹೇಳಿ.

ಬೈಪೋಲಾರ್ ಇರುವವರಿಗೆ ಎರಡು ಮಾತು. ಲಿಥಿಯಂ ತೆಗೆದುಕೊಳ್ಳುವವರು ರಕ್ತದಲ್ಲಿ ಅದರ ಮಟ್ಟವನ್ನು, ಥೈರಾಯ್ಡ್ ಮತ್ತು ಮೂತ್ರಪಿಂಡದ ಸ್ಥಿತಿಯನ್ನು ಆಗಾಗ ಪರೀಕ್ಷಿಸಿಕೊಳ್ಳಬೇಕು. ಬೇಸಿಗೆಯಲ್ಲಿ, ಭೇದಿಯಾದಾಗ ನೀರು ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ಮೈಕೈ ನೋವಿಗೆ ಅಂಗಡಿಯಲ್ಲಿ ಸಿಗುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳನ್ನು ಕೇಳದೆ ನುಂಗಬಾರದು, ಅವು ಲಿಥಿಯಂ ಮಟ್ಟವನ್ನು ಏರಿಸುತ್ತವೆ. ಮಗು ಹೆರುವ ವಯಸ್ಸಿನ ಹೆಣ್ಣುಮಕ್ಕಳಿಗೆ ವ್ಯಾಲ್ಪ್ರೊಯೇಟ್ ಬರೆದಿದ್ದರೆ, ಬೇರೆ ಆಯ್ಕೆ ಇದೆಯೇ ಎಂದು ಖಂಡಿತ ಕೇಳಿ. ಗರ್ಭದಲ್ಲಿರುವ ಮಗುವಿಗೆ ಅದು ಹಾನಿ ಮಾಡಬಲ್ಲದು. ಹಾಗೆಂದು ಗರ್ಭ ನಿಂತ ಸುದ್ದಿ ತಿಳಿದ ದಿನವೇ ಎಲ್ಲ ಮಾತ್ರೆ ಎಸೆಯಬೇಡಿ. ಆ ವಾರವೇ ಬಂದು ನೋಡಿ.

ಎರಡು ಬಗೆಯ ಔಷಧಿಯನ್ನು ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ಕಾಲ ಕೊಟ್ಟರೂ ಜಗ್ಗದ ಕಾಯಿಲೆಗೆ ಕ್ಲೋಜಪಿನ್ ಇದೆ. ಬಿಳಿ ರಕ್ತಕಣಗಳು ಕುಸಿಯುವ ಅಪಾಯ ಅಪರೂಪಕ್ಕೆ ಇರುವುದರಿಂದ ಮೊದಲ 18 ವಾರ ವಾರಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ವಾಡಿಕೆ. ಅದಕ್ಕೆ ಹೆದರಿ ವರ್ಷಗಟ್ಟಲೆ ಮುಂದೂಡುವುದನ್ನು ಕಂಡಿದ್ದೇನೆ, ಸಂಕಟವಾಗುತ್ತದೆ. "ಎಲ್ಲ ಔಷಧಿಯೂ ಆಯಿತು" ಎಂದು ಕೈಚೆಲ್ಲಿದ ಕುಟುಂಬಗಳನ್ನು ನಾನು ಮೊದಲು ಕೇಳುವುದೇ ಇದನ್ನು: ಕ್ಲೋಜಪಿನ್ ಕೊಟ್ಟಿದ್ದರೇ?

ಈಗ ಅತಿ ಕಷ್ಟದ ಹಂತಕ್ಕೆ ಬರುತ್ತೇನೆ. ಕಿವಿಯ ಮಾತು ನಿಂತಿರುತ್ತದೆ, ಸಂಶಯ ಕರಗಿರುತ್ತದೆ, ಮನೆಯವರು ನಿಟ್ಟುಸಿರು ಬಿಟ್ಟಿರುತ್ತಾರೆ. ಹುಡುಗ ಮಾತ್ರ ಗೋಡೆ ನೋಡುತ್ತಾ ಮಲಗಿರುತ್ತಾನೆ. ಕಾಯಿಲೆಯ ಭರದಲ್ಲಿ ತಾನು ಆಡಿದ್ದು, ಬೀದಿಯಲ್ಲಿ ಕೂಗಿದ್ದು, ತಂಗಿಯ ಮೇಲೆ ಕೈ ಎತ್ತಿದ್ದು ಎಲ್ಲ ಒಂದೊಂದಾಗಿ ನೆನಪಾಗುತ್ತಿರುತ್ತದೆ. ಜೊತೆಗೆ ಓದಿದವರು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿರುತ್ತಾರೆ. ಕಾಯಿಲೆಯ ಅರಿವು ಮೂಡುವುದು ಚೇತರಿಕೆಯ ಗುರುತು ಎಂದು ನಾವು ಪುಸ್ತಕದಲ್ಲಿ ಓದಿರುತ್ತೇವೆ, ಆದರೆ ಅರಿವು ಮೂಡುವ ಆ ದಿನಗಳೇ ಅವನಿಗೆ ನರಕ. ಆತ್ಮಹತ್ಯೆಯ ಅಪಾಯ ಕಾಯಿಲೆಯ ಮೊದಲ ವರ್ಷಗಳಲ್ಲಿ, ಆಸ್ಪತ್ರೆಯಿಂದ ಮನೆಗೆ ಬಂದ ದಿನಗಳಲ್ಲಿ ಹೆಚ್ಚು ಎಂಬುದನ್ನು ಮನೆಯವರಿಗೆ ನಾನು ಮುಚ್ಚಿಡುವುದಿಲ್ಲ. "ಬದುಕುವುದು ಬೇಡ ಅನಿಸುತ್ತಿದೆಯೇ?" ಎಂದು ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು. ಕೇಳಿದರೆ ಎದೆ ಹಗುರಾಗುತ್ತದೆ. ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಇದ್ದರೆ ಇಂದೇ ಹೊರಗೆ ಸಾಗಿಸಿ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಯಾವ ಹೊತ್ತಿನಲ್ಲೂ ಕನ್ನಡದಲ್ಲೇ ಮಾತನಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸೇವೆ ಅದು, ಶುಲ್ಕವಿಲ್ಲ.

ಈ ಹಂತದಲ್ಲಿರುವವರಿಗೆ ನಾನು ಹೇಳುವ ಒಂದು ನಿಜ ಸಂಗತಿಯಿದೆ. ಅಮೆರಿಕದ ಪೆಟ್ರೀಷಿಯಾ ಡೀಗನ್ ಎಂಬುವರಿಗೆ ಹದಿನೇಳನೆಯ ವಯಸ್ಸಿನಲ್ಲಿ ಸ್ಕಿಜೋಫ್ರೀನಿಯಾ ಎಂದು ಹೇಳಲಾಯಿತು. ತಿಂಗಳುಗಟ್ಟಲೆ ಅವರು ಒಂದೇ ಕುರ್ಚಿಯಲ್ಲಿ ಸಿಗರೇಟು ಸೇದುತ್ತಾ ಕೂತಿದ್ದರಂತೆ. ಅಜ್ಜಿ ದಿನವೂ ಬಂದು "ಅಡುಗೆ ಸಾಮಾನು ತರಲು ಬರುತ್ತೀಯಾ?" ಎಂದು ಕೇಳುವರು. ದಿನವೂ ಇಲ್ಲ ಎಂಬ ಉತ್ತರ. ಅಜ್ಜಿ ಬೈಯಲಿಲ್ಲ, ಕೇಳುವುದನ್ನು ಬಿಡಲೂ ಇಲ್ಲ. ಒಂದು ದಿನ, ಏಕೆಂದು ಅವರಿಗೇ ತಿಳಿಯದೆ, ಹೂಂ ಎಂದರು. ಆದರೆ ಅಂಗಡಿಯಲ್ಲಿ ಗಾಡಿ ತಳ್ಳುವುದಷ್ಟೇ ತನ್ನ ಕೆಲಸ ಎಂದರು. ಅಲ್ಲಿಂದ ಶುರು. ಮುಂದೆ ಅವರು ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ತಮ್ಮಂಥವರ ಚೇತರಿಕೆಗಾಗಿಯೇ ದುಡಿದರು. ಡಾಕ್ಟರೇಟಿಗಿಂತ ನನಗೆ ಮುಖ್ಯವಾಗಿ ಕಾಣುವುದು ಅಜ್ಜಿ.

ನಮ್ಮಲ್ಲಿ ಆ ಮೊದಲ ಕೆಲಸ ಎಷ್ಟೋ ಸಲ ಡೇರಿಗೆ ಹಾಲು ಹಾಕುವುದು. ಡಿಪ್ಲೊಮಾ ಅರ್ಧಕ್ಕೆ ಬಿಟ್ಟಿದ್ದ ಒಬ್ಬ ಹುಡುಗನಿಗೆ ತಾಯಿ ಅದನ್ನೇ ಒಪ್ಪಿಸಿದರು: ಬೆಳಿಗ್ಗೆ ಆರೂವರೆಗೆ ಕ್ಯಾನು ಹಿಡಿದು ಹೋಗುವುದು, ಹಾಲಿನ ಅಳತೆ ಪುಸ್ತಕದಲ್ಲಿ ಬರೆಸಿಕೊಂಡು ಬರುವುದು. ಮೊದಲ ವಾರ ಅವನಿಗೆ ಏಳಲೇ ಆಗಲಿಲ್ಲ. "ಸೋಮಾರಿ ಆಗಿದ್ದಾನೆ" ಎಂದರು ಸೋದರಮಾವ. ಅದು ಸೋಮಾರಿತನವಾಗಿರಲಿಲ್ಲ, ರಾತ್ರಿ ಹನ್ನೊಂದಕ್ಕೆ ನುಂಗುತ್ತಿದ್ದ ಮಾತ್ರೆಯ ಮಂಪರು ಬೆಳಿಗ್ಗೆ ಎಂಟರವರೆಗೂ ಇಳಿಯುತ್ತಿರಲಿಲ್ಲ. ಮಾತ್ರೆಯನ್ನು ಎಂಟು ಗಂಟೆಯ ಊಟದ ಹೊತ್ತಿಗೆ ತಂದೆವು. ಆಮೇಲೆ ಎದ್ದ. ಡೇರಿಯ ಸಾಲಿನಲ್ಲಿ ನಿಂತವರು ಮೊದಮೊದಲು ಅವನನ್ನು ಓರೆಗಣ್ಣಿನಿಂದ ನೋಡುತ್ತಿದ್ದರು, ಕ್ರಮೇಣ ಹಸುವಿನ ಬಗ್ಗೆ, ಹಿಂಡಿಯ ಬೆಲೆಯ ಬಗ್ಗೆ ಮಾತಾಡತೊಡಗಿದರು. ಪುಸ್ತಕದಲ್ಲಿ ದಿನಾಂಕದ ಮುಂದೆ ಲೀಟರು, ಕೊಬ್ಬಿನ ಅಂಶ, ಬಟವಾಡೆಯ ಹಣ. ಅವನು ಆ ಪುಸ್ತಕವನ್ನು ನನಗೆ ತೋರಿಸಿದಾಗ ನಾನು ಪುಟ ಪುಟವನ್ನೂ ತಿರುವಿ ನೋಡಿದೆ, ಏಕೆಂದರೆ ಚೇತರಿಕೆಯ ಅದಕ್ಕಿಂತ ನಂಬಲರ್ಹ ದಾಖಲೆ ನನ್ನ ಕಡತದಲ್ಲಿ ಇರಲಿಲ್ಲ.

ಸೋದರಮಾವನ ಮಾತು ಸಣ್ಣದೆಂದು ಬಿಡುವಂತಿಲ್ಲ. 1950ರ ದಶಕದಲ್ಲಿ ಲಂಡನ್ನಿನ ಜಾರ್ಜ್ ಬ್ರೌನ್ ಗಮನಿಸಿದ ಸಂಗತಿ: ಆಸ್ಪತ್ರೆಯಿಂದ ಬಿಡುಗಡೆಯಾಗಿ ತಂದೆತಾಯಿ ಅಥವಾ ಗಂಡ ಹೆಂಡತಿಯ ಬಳಿ ಹೋದವರಿಗೆ, ಬಾಡಿಗೆ ಕೋಣೆಗಳಿಗೆ ಹೋದವರಿಗಿಂತ ಹೆಚ್ಚಾಗಿ ಕಾಯಿಲೆ ಮರುಕಳಿಸುತ್ತಿತ್ತು. ಕಾರಣ ಹುಡುಕುತ್ತಾ ಹೋದಾಗ ತಿಳಿದದ್ದು, ಮನೆಯಲ್ಲಿ ದಿನವೂ ಕೇಳುವ ಟೀಕೆ, ಸಿಡುಕು, ಅತಿಯಾದ ಕಾಳಜಿಯ ಕಾವಲು ಇವು ಮರುಕಳಿಕೆಗೆ ದಾರಿ ಮಾಡುತ್ತವೆ ಎಂದು. ಮುಂದೆ ಚಂಡೀಗಡದಲ್ಲಿ ನಡೆದ ಅಧ್ಯಯನದಲ್ಲಿ ನಮ್ಮ ದೇಶದ ಕುಟುಂಬಗಳಲ್ಲಿ ಇಂಥ ಟೀಕೆ ಲಂಡನ್ನಿಗಿಂತ ಕಡಿಮೆಯೆಂದು ಕಂಡುಬಂತು. ರೋಗಿಯ ಜೊತೆ ಮನೆಯವರೂ ಆಸ್ಪತ್ರೆಯಲ್ಲಿ ಉಳಿಯುವ ಪದ್ಧತಿಯನ್ನು 1950ರ ದಶಕದಲ್ಲೇ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಡೇರೆ ಹಾಕಿ ಆರಂಭಿಸಿದ ದೇಶ ಇದು. ಆ ಬಲವನ್ನು ಕಳೆದುಕೊಳ್ಳಬಾರದು. ದಿನಕ್ಕೆ ಹತ್ತು ಸಲ "ಮಾತ್ರೆ ತಗೊಂಡೆಯಾ?" ಎಂದು ಕೇಳುವ ಬದಲು ಒಮ್ಮೆ ಕೇಳಿ ಸುಮ್ಮನಿರುವುದನ್ನು ಕಲಿಯಲು ತಂದೆತಾಯಿಗೆ ಕಷ್ಟವಾಗುತ್ತದೆ. ಅವರೂ ದಣಿದಿರುತ್ತಾರೆ, ಅವರನ್ನೂ ಯಾರಾದರೂ "ನೀವು ಮಲಗಿದಿರಾ?" ಎಂದು ಕೇಳಬೇಕು.

ಮರುಕಳಿಕೆ ಒಂದೇ ರಾತ್ರಿಯಲ್ಲಿ ಬಂದು ಬೀಳುವುದು ಕಡಿಮೆ. ಬಹುತೇಕ ಅದಕ್ಕೆ ಮುಂಚೆ ದಿನಗಳು, ವಾರಗಳ ಸೂಚನೆ ಇರುತ್ತದೆ, ಮತ್ತು ಆ ಸೂಚನೆ ಒಬ್ಬೊಬ್ಬರಿಗೆ ಒಂದೊಂದು ರೀತಿ. ಇದನ್ನು ಬರೆದಿಡಲು ನಾನು ಎಲ್ಲ ಕುಟುಂಬಗಳಿಗೂ ಹೇಳುತ್ತೇನೆ. ಅಂಗನವಾಡಿ ಕಾರ್ಯಕರ್ತೆಯೊಬ್ಬರು ಇನ್ನೂರು ಪುಟದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ತಮ್ಮ ಗುರುತುಗಳನ್ನು ಮಗಳ ಕೈಯಲ್ಲಿ ಬರೆಸಿದ್ದರು: "ರಾತ್ರಿ ಎರಡಕ್ಕೆ ಎದ್ದು ಹಿತ್ತಲ ಬಾಗಿಲ ಚಿಲಕ ಮುಟ್ಟಿ ನೋಡುವುದು. ಕುಡಿಯುವ ನೀರಿನ ಬಿಂದಿಗೆಯನ್ನು ತಾನೇ ತುಂಬುತ್ತೇನೆ ಎನ್ನುವುದು. ಟಿವಿಯ ವಾರ್ತೆ ಆರಿಸು ಎನ್ನುವುದು." ಅದರ ಕೆಳಗೆ ಏನು ಮಾಡಬೇಕೆಂಬ ಒಪ್ಪಂದ: "ಮೂರರಲ್ಲಿ ಎರಡು, ಮೂರು ದಿನ ಕಂಡರೆ, ಅಮ್ಮನನ್ನು ಕೇಳದೆಯೇ ಡಾಕ್ಟರಿಗೆ ಫೋನ್ ಮಾಡಬಹುದು. ಅಮ್ಮ ಸಿಟ್ಟಾಗುವುದಿಲ್ಲ." ಕೊನೆಯಲ್ಲಿ ತಾಯಿಯ ಸಹಿ. ಮುಂದಿನ ವರ್ಷ ಸುಗ್ಗಿಯ ಕಾಲದಲ್ಲಿ ನಿದ್ದೆ ಕೆಟ್ಟು ಎರಡು ಗುರುತು ಕಂಡವು. ಮಗಳು ಫೋನ್ ಮಾಡಿದಳು, ತಾಯಿ ನಿಜವಾಗಿಯೂ ಸಿಟ್ಟಾದರು, ಆದರೂ ತಮ್ಮ ಸಹಿ ನೋಡಿ ಬಂದರು. ಪ್ರಮಾಣವನ್ನು ಕೆಲವು ವಾರ ಏರಿಸಿದೆವು. ದಾಖಲಾಗಬೇಕಾಗಲಿಲ್ಲ, ಅಂಗನವಾಡಿಗೆ ಒಂದು ವಾರ ರಜೆ ಹಾಕಿದರು ಅಷ್ಟೆ. ನಿದ್ದೆಯ ಗುರುತು ಹೆಚ್ಚುಕಡಿಮೆ ಎಲ್ಲರ ಪಟ್ಟಿಯಲ್ಲೂ ಇರುತ್ತದೆ. ಜಾತ್ರೆ, ಮದುವೆ ಮನೆ, ರಾತ್ರಿ ಪಾಳಿಯ ದಿನಗಳಲ್ಲಿ ನಿದ್ದೆಯನ್ನು ಕಾಯ್ದುಕೊಳ್ಳಬೇಕು.

ಮದುವೆಯ ಪ್ರಶ್ನೆಯಿಲ್ಲದೆ ಯಾವ ಕುಟುಂಬವೂ ನನ್ನ ಕೋಣೆಯಿಂದ ಎದ್ದಿಲ್ಲ. "ಮದುವೆ ಮಾಡಿದರೆ ಸರಿಹೋಗುತ್ತಾನೆ" ಎಂಬುದನ್ನು ನಾನು ಖಡಾಖಂಡಿತ ವಿರೋಧಿಸುತ್ತೇನೆ. ಮದುವೆ ಚಿಕಿತ್ಸೆಯಲ್ಲ, ಇನ್ನೊಂದು ಮನೆಯ ಮಗಳು ಔಷಧಿಯಲ್ಲ. ಅಷ್ಟೇ ಖಡಾಖಂಡಿತವಾಗಿ "ಇನ್ನು ಮದುವೆಯ ಮಾತೇ ಬೇಡ" ಎಂಬುದನ್ನೂ ಒಪ್ಪುವುದಿಲ್ಲ. ಆರೋಗ್ಯ ಒಂದಷ್ಟು ಕಾಲ ಸ್ಥಿರವಾಗಿ, ಕೈಗೊಂದು ಕೆಲಸ ಹತ್ತಿ, ಮದುವೆ ಬೇಕೆಂದು ಅವರಿಗೇ ಅನಿಸಿದಾಗ, ಎದುರಿನವರಿಗೆ ಮೊದಲೇ ತಿಳಿಸಿ ಆಗುವ ಮದುವೆಗಳು ಉಳಿದವರ ಮದುವೆಗಳಂತೆಯೇ ನಡೆಯುತ್ತವೆ. ಮುಚ್ಚಿಟ್ಟ ಮದುವೆಯಲ್ಲಿ ನಡೆಯುವುದು ಇದು: ಹುಡುಗಿ ಅತ್ತೆಮನೆಯಲ್ಲಿ ಯಾರಿಗೂ ಕಾಣದಂತೆ ಮಾತ್ರೆ ನುಂಗಲಾರದೆ ಬಿಡುತ್ತಾಳೆ, ಆರು ತಿಂಗಳಲ್ಲಿ ಕಾಯಿಲೆ ಮರುಕಳಿಸುತ್ತದೆ, ತವರಿಗೆ ತಂದು ಬಿಡುತ್ತಾರೆ. ವಿಚ್ಛೇದನದ ಹೆದರಿಕೆಗೆ ಒಂದು ಮಾತು. 1988ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅವರಿದ್ದ ಪೀಠ, ಸ್ಕಿಜೋಫ್ರೀನಿಯಾ ಎಂಬ ಹೆಸರೊಂದೇ ವಿಚ್ಛೇದನಕ್ಕೆ ಸಾಲದು, ಕೂಡಿ ಬಾಳಲು ಸಾಧ್ಯವಿಲ್ಲದಷ್ಟು ಕಾಯಿಲೆ ಇದೆಯೇ ಎಂಬುದನ್ನು ಒಂದೊಂದು ಪ್ರಕರಣದಲ್ಲೂ ತೂಗಿ ನೋಡಬೇಕು ಎಂದಿತು. ಹೆಸರನ್ನೇ ಹಣೆಬರಹ ಎನ್ನುವ ವೈದ್ಯರು ಈ ತೀರ್ಪು ಓದಬೇಕು.

ಮಕ್ಕಳಿಗೂ ಬರುತ್ತದೆಯೇ? ಸಾಮಾನ್ಯ ಜನರಲ್ಲಿ ಸ್ಕಿಜೋಫ್ರೀನಿಯಾ ಬರುವ ಸಂಭವ ನೂರಕ್ಕೆ ಸುಮಾರು ಒಂದು. ತಂದೆ ಅಥವಾ ತಾಯಿಗೆ ಇದ್ದರೆ ನೂರಕ್ಕೆ ಸುಮಾರು ಹತ್ತು. ಹೆಚ್ಚು ಹೌದು. ಆದರೆ ನೂರರಲ್ಲಿ ತೊಂಬತ್ತು ಮಕ್ಕಳಿಗೆ ಬರುವುದಿಲ್ಲ.

ಕಾನೂನು ನಿಮ್ಮ ಕಡೆಗಿದೆ ಎಂಬುದೂ ತಿಳಿದಿರಲಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. ದೇಹದ ಕಾಯಿಲೆಗೆ ಸಿಗುವ ಷರತ್ತಿನಲ್ಲೇ ಮನಸ್ಸಿನ ಕಾಯಿಲೆಗೂ ಆರೋಗ್ಯ ವಿಮೆ ಸಿಗಬೇಕು ಎನ್ನುತ್ತದೆ ಅದು. ಅದರಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಮುಂಗಡ ನಿರ್ದೇಶನ: ಆರೋಗ್ಯವಾಗಿರುವಾಗಲೇ, ಮುಂದೆ ಕಾಯಿಲೆ ಹೆಚ್ಚಾದರೆ ತನಗೆ ಯಾವ ರೀತಿಯ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತನಾಡಬೇಕು ಎಂದು ವ್ಯಕ್ತಿ ಬರೆದಿಡಬಹುದು. ಅಂಗನವಾಡಿಯ ಆ ತಾಯಿ ನೋಟ್‌ಬುಕ್ಕಿನಲ್ಲಿ ಮಾಡಿದ್ದನ್ನು ಕಾನೂನೇ ಹಕ್ಕೆಂದು ಒಪ್ಪಿದೆ. ಕಾಯಿಲೆ ದೀರ್ಘವಾಗಿ ಕೆಲಸಕ್ಕೆ ಅಡ್ಡಿಯಾದವರು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಪ್ರಮಾಣಪತ್ರ ಪಡೆಯಬಹುದು. ಶೇ 40 ಅಥವಾ ಅದಕ್ಕಿಂತ ಹೆಚ್ಚು ಎಂದಾದರೆ ಸೌಲಭ್ಯಗಳಿವೆ. ಕಾಯಿಲೆಯ ಮೊದಲ ತಿಂಗಳಲ್ಲೇ ಅದರ ಹಿಂದೆ ಓಡಬೇಕಿಲ್ಲ. ಬೇಕಾದಾಗ ಪಡೆಯಲು ನಾಚಬೇಕಿಲ್ಲ.

ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬುದನ್ನು ಕಾಯಿಲೆ ಇರುವವರೇ ನಿರ್ಧರಿಸಲಿ. ಊರಿಗೆಲ್ಲ ಸಾರಬೇಕಾಗಿಲ್ಲ. ಮನೆಯ ಹೊರಗೆ ಒಬ್ಬರಿಗಾದರೂ, ಒಬ್ಬ ಗೆಳೆಯನಿಗೆ, ಒಬ್ಬ ಚಿಕ್ಕಮ್ಮನಿಗೆ ಗೊತ್ತಿದ್ದರೆ ಒಳ್ಳೆಯದು. ರಾತ್ರಿ ಎರಡು ಗಂಟೆಗೆ ಫೋನ್ ಮಾಡಲು ಒಂದು ಹೆಸರು ಬೇಕು.

ದೂರದ ಊರಿನವರು ತಿಂಗಳು ತಿಂಗಳು ಜಿಲ್ಲಾ ಕೇಂದ್ರಕ್ಕೆ ಬರಲಾಗದೆ ಚಿಕಿತ್ಸೆ ಬಿಡುವುದುಂಟು. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುತ್ತಾರೆ; ನಿಮ್ಮ ಆಸ್ಪತ್ರೆಯಲ್ಲಿ ಯಾವ ವಾರ ಎಂಬುದನ್ನು ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಿ. ಅಲ್ಲಿಗೆ ಹೋಗುವಾಗ ಹಳೆಯ ಚೀಟಿಗಳನ್ನು, ಖಾಲಿಯಾದ ಮಾತ್ರೆಯ ಪಟ್ಟಿಗಳನ್ನು ಎಸೆಯದೆ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಯಾವ ಔಷಧಿ, ಎಷ್ಟು ಪ್ರಮಾಣದಲ್ಲಿ, ಎಷ್ಟು ದಿನ, ಯಾವುದರಿಂದ ಏನಾಯಿತು ಎಂಬುದು ಗೊತ್ತಾದರೆ ಹೊಸ ವೈದ್ಯರು ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕಾಗುವುದಿಲ್ಲ.